ಎರಡನೇ ಪಿಟೀಲಿನ ಕೊನೆಯ ಕುರ್ಚಿ

‘ಇನ್ನೆರಡು ವರ್ಷ ಕಲಿಯುತ್ತೇನೆ, ಕೈ ಕುದುರಲಿ, ಆಮೇಲೆ ಗುಂಪಿನಲ್ಲಿ ನುಡಿಸೋಣ’ ಎನ್ನುವವರು ಸಾಮಾನ್ಯವಾಗಿ ಗುಂಪಿಗೆ ಬರುವುದೇ ಇಲ್ಲ. ದೊಡ್ಡವರಾದ ಮೇಲೆ ಪಿಟೀಲು ಹಿಡಿದ ಎಷ್ಟೋ ಮಂದಿ ಅದನ್ನು ಮತ್ತೆ ಬೀರುವಿನ ಮೇಲೆ ಇಟ್ಟುಬಿಡುವುದು ಬೆರಳು ಓಡದ ಕಾರಣಕ್ಕಲ್ಲ. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂತು, ತಮ್ಮ ತಪ್ಪನ್ನು ತಾವೇ ಕೇಳಿಸಿಕೊಂಡು ಸಾಕಾಗಿರುತ್ತದೆ. ಅಂಥವರಿಗೆ ತಂತಿವಾದ್ಯ ವೃಂದದಲ್ಲಿ ಒಂದು ಜಾಗವಿದೆ: ಎರಡನೇ ಪಿಟೀಲು ವಿಭಾಗದ ಕೊನೆಯ ಕುರ್ಚಿ. ಅಲ್ಲಿ ಕೂತವರು ಎಲ್ಲ ಸ್ವರಗಳನ್ನೂ ಹಿಡಿಯಬೇಕೆಂದಿಲ್ಲ. ತಪ್ಪಿದರೆ ಕಮಾನು ಎತ್ತಿ ಸುಮ್ಮನಾಗಬಹುದು, ಎರಡು ಆವರ್ತ ಬಿಟ್ಟು ಪಕ್ಕದವರ ಕಮಾನು ನೋಡಿ ಮತ್ತೆ ಸೇರಿಕೊಳ್ಳಬಹುದು. ಗುಂಪಿನ ನಾದದೊಳಗೆ ನಮ್ಮದೂ ಒಂದು ಎಳೆ ಸೇರಿದೆ ಎಂಬ ಅನುಭವ ಮೊದಲ ಭಾನುವಾರವೇ ಸಿಗುತ್ತದೆ. ಪರಿಣತಿ ಬರಲಿ ಎಂದು ಕಾಯುವ ಬದಲು ಅದನ್ನು ಗುಂಪಿನೊಳಗೇ ಗಳಿಸಿಕೊಳ್ಳಿ ಎಂಬುದು ಈ ಲೇಖನದ ವಾದ. ಬೆಂಗಳೂರಿನ ಪೀಣ್ಯದಂಥ ಜಾಗದಲ್ಲಿ ಅದನ್ನು ಹೇಗೆ ಮಾಡಬಹುದು ಎಂಬುದು ಉಳಿದ ವಿಷಯ.

ಪೀಣ್ಯವೇ ಏಕೆ? 1970ರ ದಶಕದ ಕೊನೆಯಲ್ಲಿ ಬೆಳೆದ ಈ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದವರೆಲ್ಲ ವಯಸ್ಕರೇ. ಸಿಎನ್‌ಸಿ ಆಪರೇಟರು, ಟೂಲ್ ಡಿಸೈನರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಪುಟ್ಟ ಘಟಕದ ಮಾಲೀಕರು, ಲೆಕ್ಕಪತ್ರ ನೋಡುವವರು. ಇವರಲ್ಲಿ ಬಾಲ್ಯದಲ್ಲಿ ಸರಳೆ, ಜಂಟಿ ವರಸೆ, ಗೀತೆಯವರೆಗೆ ಕಲಿತು ಬಿಟ್ಟವರು ಇದ್ದಾರೆ. ಚರ್ಚಿನಲ್ಲಿ ಗಿಟಾರ್ ನುಡಿಸಿದವರು ಇದ್ದಾರೆ. ಏನೂ ಕಲಿಯದೆ ಆಸೆಯನ್ನು ಮಾತ್ರ ಉಳಿಸಿಕೊಂಡವರೂ ಇದ್ದಾರೆ. ಆದರೆ ಸ್ಟ್ರಿಂಗ್ ಆರ್ಕೆಸ್ಟ್ರಾ ಎಂದರೆ ದಂಡು ಪ್ರದೇಶದ ಕಡೆಯ ವಿಷಯ, ಗೊರಗುಂಟೆಪಾಳ್ಯದಿಂದ ಈಚೆಗೆ ಅದು ಬರುವುದಿಲ್ಲ ಎಂಬ ಭಾವನೆ ಗಟ್ಟಿಯಾಗಿದೆ. 2014ರ ಮಾರ್ಚ್ 1ರಂದು ಮೆಟ್ರೊ ಹಸಿರು ಮಾರ್ಗದ ಮೊದಲ ಹಂತ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗೆ ತೆರೆದ ಮೇಲೆ ಆ ದೂರ ಕಡಿಮೆಯಾಗಿದೆ. ಮಲ್ಲೇಶ್ವರದ ಮೇಷ್ಟ್ರು ಟ್ರಾಫಿಕ್ಕಿಗೆ ಸಿಕ್ಕದೆ ಇಲ್ಲಿಗೆ ಬಂದು ಹೋಗಬಹುದು, ದಾಸರಹಳ್ಳಿ, ನಾಗಸಂದ್ರದವರು ಪಿಟೀಲನ್ನು ಬೆನ್ನಿಗೇರಿಸಿ ಹತ್ತು ನಿಮಿಷದಲ್ಲಿ ತಲುಪಬಹುದು.

ವೃಂದವಾದನ ನಮಗೆ ಹೊಸದೂ ಅಲ್ಲ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು. ಆ ಪರಂಪರೆ ಇಂದು ಪೊಲೀಸ್ ಇಲಾಖೆಯ ಬ್ಯಾಂಡುಗಳಲ್ಲಿ ಉಳಿದಿದೆ, ದಸರೆಯಲ್ಲಿ ಕೇಳಿಸುತ್ತದೆ. ಸ್ವತಃ ವಾಗ್ಗೇಯಕಾರರಾಗಿದ್ದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನೂ ಶಾಸ್ತ್ರೋಕ್ತವಾಗಿ ಕಲಿತವರು. ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. 1952ರಲ್ಲಿ ಆಕಾಶವಾಣಿ ದೆಹಲಿಯಲ್ಲಿ ರಾಷ್ಟ್ರೀಯ ವಾದ್ಯವೃಂದ ಕಟ್ಟಿದಾಗ ಅದನ್ನು ನಡೆಸಿದವರು ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್. ಬೆಂಗಳೂರಿನಲ್ಲಿ 1987ರಲ್ಲಿ ಅರುಣಾ ಸುಂದರ್‌ಲಾಲ್ ಹುಟ್ಟುಹಾಕಿದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್ ಆರ್.ಟಿ. ನಗರದಲ್ಲಿದೆ. ಅದರ ಚೇಂಬರ್ ಆರ್ಕೆಸ್ಟ್ರಾ ನಗರದಲ್ಲಿ ತಂತಿವಾದ್ಯಗಳ ಗುಂಪು ವಾದನವನ್ನು ಬೆಳೆಸುತ್ತ ಬಂದಿದೆ. ವಯಸ್ಕ ಹೊಸಬರಿಗೆಂದೇ ಹುಟ್ಟಿದ ವೃಂದಗಳ ಪೈಕಿ ಹೆಸರುವಾಸಿಯಾದದ್ದು 1983ರಲ್ಲಿ ಶುರುವಾದ ಈಸ್ಟ್ ಲಂಡನ್ ಲೇಟ್ ಸ್ಟಾರ್ಟರ್ಸ್ ಆರ್ಕೆಸ್ಟ್ರಾ. ಲಂಡನ್ನಿನ ಪೂರ್ವ ಭಾಗವೂ ಹಡಗುಕಟ್ಟೆ, ಕಾರ್ಖಾನೆಗಳ ಪ್ರದೇಶವೇ ಆಗಿತ್ತೆಂಬುದನ್ನು ಪೀಣ್ಯದವರು ಗಮನಿಸಬೇಕು.

ಮೊದಲು ಕಿವಿ

ಬೇರೆಡೆಯ ಹವ್ಯಾಸಿಗಳಿಗೆ ಇಲ್ಲದ ಒಂದು ತೊಂದರೆ ಇಲ್ಲಿನವರಿಗಿದೆ. ಪ್ರೆಸ್ ಶಾಪಿನಲ್ಲೋ ಗ್ರೈಂಡಿಂಗ್ ವಿಭಾಗದಲ್ಲೋ ಎಂಟು ಗಂಟೆ ನಿಂತವರ ಕಿವಿ ಸಂಜೆಗೆ ಮಂದವಾಗಿರುತ್ತದೆ. ಸದ್ದಿನಿಂದ ಹೊರಬಂದ ಮೇಲೂ ಕೆಲವು ಗಂಟೆ ಸೂಕ್ಷ್ಮ ಧ್ವನಿಗಳು, ಅದರಲ್ಲೂ ಮೇಲಿನ ಸ್ಥಾಯಿಯವು, ಸರಿಯಾಗಿ ಕೇಳಿಸುವುದಿಲ್ಲ. ಹತ್ತಿಯಿಟ್ಟಂತೆ ಅನ್ನಿಸುತ್ತದೆ, ಕೆಲವರಿಗೆ ಕಿವಿಯೊಳಗೆ ಗುಂಯ್‌ಗುಡುತ್ತದೆ. ಆ ಹೊತ್ತಿನಲ್ಲಿ ಶ್ರುತಿ ಮಾಡಿದರೆ ತಪ್ಪುತ್ತದೆ, ‘ನನಗೆ ಶ್ರುತಿಜ್ಞಾನವಿಲ್ಲ’ ಎಂದು ವಿನಾಕಾರಣ ಕೊರಗುವಂತಾಗುತ್ತದೆ. ಪಾಳಿ ಮುಗಿದ ತಕ್ಷಣ ಅಭ್ಯಾಸಕ್ಕೆ ಕೂರಬೇಡಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚಿನ ಇಪ್ಪತ್ತು ನಿಮಿಷ ಇದಕ್ಕೆ ಅತ್ಯುತ್ತಮ ಸಮಯ.

ಎಂಟು ಗಂಟೆಗೆ 90 ಡೆಸಿಬೆಲ್ ಎಂಬುದು ನಮ್ಮ ಕಾರ್ಖಾನೆಗಳಿಗೆ ಹಾಕಿರುವ ಮಿತಿ. ಅನೇಕ ದೇಶಗಳು 85ಕ್ಕೇ ಎಚ್ಚರಿಕೆಯ ಗೆರೆ ಎಳೆದಿವೆ. ಪ್ರತಿ 3 ಡೆಸಿಬೆಲ್ ಏರಿದಾಗ ಧ್ವನಿಯ ಶಕ್ತಿ ಇಮ್ಮಡಿಯಾಗುತ್ತದೆ. ಜೋರಾಗಿ ನುಡಿಸುವಾಗ ಪಿಟೀಲೂ ನುಡಿಸುವವರ ಎಡಗಿವಿಯ ಬಳಿ 85 ದಾಟುತ್ತದೆ, ಏಕೆಂದರೆ ವಾದ್ಯ ಇರುವುದೇ ಕಿವಿಯ ಕೆಳಗೆ. ಆದ್ದರಿಂದ ಕಾರ್ಖಾನೆಯಲ್ಲಿ ಇಯರ್ ಪ್ಲಗ್ ಹಾಕಿಕೊಳ್ಳುವುದು ಸಂಗೀತದ ಅಭ್ಯಾಸದ ಭಾಗವೇ ಎಂದು ತಿಳಿಯಿರಿ. ಗುಂಯ್‌ಗುಡುವಿಕೆ ಮರುದಿನಕ್ಕೂ ಉಳಿದರೆ ಕಿವಿ ಪರೀಕ್ಷೆ ಮಾಡಿಸಿ, ಮುಂದೂಡಬೇಡಿ.

ಇದೇ ಕಿವಿಗೆ ಒಂದು ಅನುಕೂಲವೂ ಇದೆ. ಟೂಲ್ ಮೊಂಡಾದದ್ದನ್ನು ಲೇತಿನ ಸದ್ದಿನಲ್ಲೇ ಗುರುತಿಸುವ ಟರ್ನರ್ ಶ್ರುತಿಯ ಅಲೆಯನ್ನೂ ಬೇಗ ಹಿಡಿಯುತ್ತಾರೆ. ವೃಂದದ ಮುಖ್ಯ ಪಿಟೀಲು ವಾದಕರು 440 ಹರ್ಟ್ಸ್‌ನ ‘ಎ’ ಸ್ವರ ಕೊಟ್ಟಾಗ ನಿಮ್ಮ ತಂತಿ 442ರಲ್ಲಿದ್ದರೆ, ಎರಡೂ ಕೂಡಿ ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿದಂತೆ ಕೇಳುತ್ತದೆ. ಬಿರಡೆಯನ್ನು ನಿಧಾನವಾಗಿ ಇಳಿಸುತ್ತ ಹೋದರೆ ಅಲೆ ತಡವಾಗುತ್ತ ಬಂದು ನಿಲ್ಲುತ್ತದೆ. ನಿಂತ ಆ ಗಳಿಗೆಯೇ ಶ್ರುತಿ. ಫೋನಿನ ಟ್ಯೂನರ್ ಆ್ಯಪನ್ನು ಮೊದಲ ಕೆಲವು ವಾರ ಬಳಸಿ, ಆಮೇಲೆ ಬಿಡಿ. ಅಲೆಯನ್ನು ಕಿವಿಯಿಂದ ಹಿಡಿಯುವವರೆಗೆ ಹಸಿರು ದೀಪ ನೋಡಿ ಪ್ರಯೋಜನವಿಲ್ಲ.

ಕಿವಿಯಾದ ಮೇಲೆ ಬೆರಳು. ಪ್ರೆಸ್ಸಿಗೆ ಬೆರಳ ತುದಿ ಕೊಟ್ಟವರು ಪೀಣ್ಯದಲ್ಲಿ ಕಾಣಸಿಗುತ್ತಾರೆ, ಅವರು ಈ ಆಸೆಯನ್ನೇ ಬಿಟ್ಟಿರುತ್ತಾರೆ. ಬಿಡಬೇಕಿಲ್ಲ. ವಿಯೆನ್ನಾದ ರುಡಾಲ್ಫ್ ಕೊಲಿಶ್ ಬಾಲ್ಯದಲ್ಲೇ ಎಡಗೈಯ ಮಧ್ಯದ ಬೆರಳಿಗೆ ಪೆಟ್ಟು ಮಾಡಿಕೊಂಡವರು. ಅವರು ಪಿಟೀಲನ್ನು ಬಲಗೈಯಲ್ಲಿ, ಕಮಾನನ್ನು ಎಡಗೈಯಲ್ಲಿ ಹಿಡಿದು ನುಡಿಸಿದರು, ತಮ್ಮದೇ ಹೆಸರಿನ ಕ್ವಾರ್ಟೆಟ್ ಕಟ್ಟಿ ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಮುನ್ನಡೆಸಿದರು. ಎಡಗೈ ಬೆರಳು ಮೊಟಕಾಗಿದ್ದರೆ ಹೀಗೆ ಕೈ ಬದಲಿಸಬಹುದು. ಆಗ ತಂತಿಗಳ ಕ್ರಮ, ತಂತಿಗಳನ್ನು ಹೊತ್ತ ಕುದುರೆ (ಬ್ರಿಜ್), ಒಳಗಿನ ಧ್ವನಿಸ್ತಂಭ (ಸೌಂಡ್ ಪೋಸ್ಟ್) ಎಲ್ಲವನ್ನೂ ತಿರುಗುಮುರುಗು ಮಾಡಿಸಬೇಕು, ಕೂರುವಾಗ ಸಾಲಿನ ತುದಿಯ ಕುರ್ಚಿ ಹಿಡಿಯಬೇಕು. ಬಲಗೈ ಬೆರಳಿನ ತೊಂದರೆ ಇದಕ್ಕಿಂತ ಸುಲಭ. ಕಮಾನು ಹಿಡಿತವನ್ನು ಅವರವರ ಕೈಗೆ ಹೊಂದಿಸಿಕೊಡಬಲ್ಲ ಮೇಷ್ಟ್ರಿದ್ದರೆ ಸಾಕು.

ಹೊಲಿಗೆ ಯಂತ್ರದ ಮುಂದೆ ದಿನವಿಡೀ ಬಗ್ಗಿ ಕೂತವರ ಕುತ್ತಿಗೆ ಮತ್ತು ಎಡಭುಜಕ್ಕೆ ಪಿಟೀಲು ಇನ್ನಷ್ಟು ಭಾರ ಹಾಕುತ್ತದೆ. ಅಂಥವರಿಗೆ ನನ್ನ ಸಲಹೆ ಸೆಲ್ಲೊ. ಕುರ್ಚಿಯಲ್ಲಿ ನೆಟ್ಟಗೆ ಕೂತು, ವಾದ್ಯವನ್ನು ಎದೆಗೊರಗಿಸಿ ನುಡಿಸುವುದರಿಂದ ಕುತ್ತಿಗೆ ತಿರುಚುವ ಪ್ರಮೇಯವಿಲ್ಲ. ಪಿಟೀಲೇ ಬೇಕೆಂದರೆ ಷೋಲ್ಡರ್ ರೆಸ್ಟ್ ಹಾಕಿಸಿ, ಹತ್ತು ನಿಮಿಷಕ್ಕೊಮ್ಮೆ ಕೆಳಗಿಡಿ. ಭುಜ ನೋಯುತ್ತಿದ್ದರೂ ಹಟ ಹಿಡಿದು ನುಡಿಸಿದರೆ ನಲವತ್ತರ ನಂತರ ಕೈ ಎತ್ತಲಾಗದ ಸ್ಥಿತಿಗೆ ಹೋಗಬಹುದು.

ವರ್ನಿಯರ್ ಹಿಡಿದು ಪಿಟೀಲು ಕೊಳ್ಳಿ

ಅಗ್ಗದ ಪಿಟೀಲುಗಳ ಮುಖ್ಯ ದೋಷ ಮರದಲ್ಲಿರುವುದಕ್ಕಿಂತ ಹೆಚ್ಚಾಗಿ ಜೋಡಣೆಯಲ್ಲಿರುತ್ತದೆ. ಕುದುರೆ ಎತ್ತರವಾಗಿರುತ್ತದೆ, ಬಿರಡೆ ಕೂರುವುದಿಲ್ಲ, ತಂತಿಗಳು ಕಳಪೆ. ಅಂಗಡಿಯಿಂದ ಬಂದದ್ದನ್ನು ಹಾಗೆಯೇ ನುಡಿಸಲು ಹೊರಟವರು ತಂತಿ ಒತ್ತಲಾಗದೆ ತಮ್ಮ ಬೆರಳನ್ನೇ ದೂರುತ್ತಾರೆ. ಅಳತೆ ಗೊತ್ತಿದ್ದರೆ ಇದನ್ನು ಅಂಗಡಿಯಲ್ಲೇ ಕಂಡುಹಿಡಿಯಬಹುದು, ಅಳೆಯುವ ಕೆಲಸದಲ್ಲಿ ಪೀಣ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬೆರಳುಹಲಗೆಯ ತುದಿಯಲ್ಲಿ, ಕುದುರೆಯ ಕಡೆಗೆ, ಹಲಗೆಯ ಮೇಲ್ಮೈಯಿಂದ ತಂತಿಯ ತಳಕ್ಕೆ ಎಷ್ಟು ಎತ್ತರವಿದೆ ನೋಡಿ. ಅತಿ ತೆಳುವಾದ ‘ಇ’ ತಂತಿಯ ಕೆಳಗೆ ಸುಮಾರು 3ರಿಂದ 3.5 ಮಿಲಿಮೀಟರ್, ದಪ್ಪನೆಯ ‘ಜಿ’ ತಂತಿಯ ಕೆಳಗೆ 5ರ ಆಸುಪಾಸು ಇರಬೇಕು. ಆರೂವರೆ, ಏಳು ಬಂದರೆ ಕುದುರೆ ತಗ್ಗಿಸಬೇಕು. ಪೂರ್ಣ ಗಾತ್ರದ ಪಿಟೀಲಿನಲ್ಲಿ ಮೇಲಿನ ಮೆಟ್ಟಿಲಿನಿಂದ (ನಟ್) ಕುದುರೆಯವರೆಗೆ ತಂತಿಯ ಉದ್ದ 325ರಿಂದ 330 ಮಿಲಿಮೀಟರ್. ಕುದುರೆಯ ಮೇಲೆ ಮೊದಲ ತಂತಿಗೂ ಕೊನೆಯ ತಂತಿಗೂ ನಡುವಿನ ಅಂತರ 33 ಅಥವಾ 34. ಕುದುರೆಯ ಪಾದಗಳು ಎರಡು ‘ಎಫ್’ ರಂಧ್ರಗಳ ಒಳಗಚ್ಚಿನ ನೇರಕ್ಕೆ ಇರಬೇಕು, ಹಿಂಬದಿಯ ಮುಖ ವಾದ್ಯದ ಮೈಗೆ ಲಂಬವಾಗಿರಬೇಕು. ಶ್ರುತಿ ಮಾಡುವಾಗೆಲ್ಲ ತಂತಿ ಕುದುರೆಯನ್ನು ಬೆರಳುಹಲಗೆಯ ಕಡೆಗೆ ಎಳೆಯುತ್ತದೆ. ಹೀಗೆ ವಾಲಿದ ಕುದುರೆಯನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಸರಿಸುತ್ತಿರಬೇಕು. ಇಲ್ಲದಿದ್ದರೆ ಒಂದು ದಿನ ಅದು ಟಪ್ಪನೆ ಬೀಳುತ್ತದೆ, ಜೊತೆಗೆ ಒಳಗಿನ ಧ್ವನಿಸ್ತಂಭವೂ ಉರುಳುತ್ತದೆ. ತಂತಿ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದಾಗಿ ಬದಲಿಸುವುದೂ ಇದೇ ಕಾರಣಕ್ಕೆ.

ಬಿರಡೆಯ ವಿಷಯ ಟೂಲ್ ರೂಮಿನವರಿಗೆ ಇಷ್ಟವಾಗುತ್ತದೆ. ಪಿಟೀಲಿನ ಬಿರಡೆ ಸ್ಕ್ರೂ ಅಲ್ಲ, ಟೇಪರ್. ಪ್ರತಿ 30 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ವ್ಯಾಸ ಕಡಿಮೆಯಾಗುತ್ತ ಹೋಗುತ್ತದೆ, ತೂತೂ ಅದೇ ಟೇಪರಿನಲ್ಲಿ ರೀಮರ್ ಹಾಕಿದ್ದು. ಅದು ನಿಲ್ಲುವುದು ಬರೀ ಘರ್ಷಣೆಯಿಂದ. ಫೆಬ್ರುವರಿ, ಮಾರ್ಚಿನ ಒಣಹವೆಯಲ್ಲಿ ಮರ ಕುಗ್ಗಿ ಬಿರಡೆ ಜಾರುತ್ತದೆ, ಬೆಳಿಗ್ಗೆ ಪೆಟ್ಟಿಗೆ ತೆರೆದರೆ ನಾಲ್ಕೂ ತಂತಿ ಜೋತುಬಿದ್ದಿರುತ್ತವೆ. ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಜಾರುವುದಕ್ಕೆ ಶಾಲೆಯ ಸೀಮೆಸುಣ್ಣ ಸವರಿ, ತಿರುಗಿಸುವಾಗ ಒಳಕ್ಕೆ ಒತ್ತಿ. ಕಚ್ಚಿಕೊಳ್ಳುವುದಕ್ಕೆ ಒಣ ಸೋಪಿನ ತುಣುಕನ್ನು ಉಜ್ಜಿ. ಮೆಷಿನ್ ಎಣ್ಣೆಯಾಗಲಿ ಗ್ರೀಸ್ ಆಗಲಿ ಬಿರಡೆಯ ಹತ್ತಿರ ಸುಳಿಯಬಾರದು. ಒಮ್ಮೆ ಮರ ಎಣ್ಣೆ ಕುಡಿದರೆ ಆ ಬಿರಡೆ ಮತ್ತೆ ನಿಲ್ಲುವುದಿಲ್ಲ. ಕೂಲೆಂಟ್ ಮೆತ್ತಿದ ಕೈಯಲ್ಲಿ ಕಮಾನಿನ ಕುದುರೆಕೂದಲು ಮುಟ್ಟಿದರೂ ಅಷ್ಟೇ, ರಾಳ ಹಿಡಿಯದೆ ಕಮಾನು ತಂತಿಯ ಮೇಲೆ ಸದ್ದಿಲ್ಲದೆ ಜಾರುತ್ತದೆ. ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡೇ ವಾದ್ಯ ಮುಟ್ಟಿ.

ಪಿಟೀಲಿನ ಮರಗಳನ್ನು ಪ್ರಾಣಿಜನ್ಯ ಅಂಟಿನಿಂದ ಅಂಟಿಸಿರುತ್ತಾರೆ. ಬಿಸಿಗೆ ಅದು ಮೆದುವಾಗುತ್ತದೆ. ಹೀಟ್ ಟ್ರೀಟ್‌ಮೆಂಟ್, ಪೌಡರ್ ಕೋಟಿಂಗ್ ಘಟಕಗಳ ಪಕ್ಕದ ಕೋಣೆಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ವಾದ್ಯ ಇಡಬೇಡಿ.

ಹೊಸಬರು ಕೊಳ್ಳುವ ಮೊದಲು ಬಾಡಿಗೆಗೆ ಅಥವಾ ಎರವಲಾಗಿ ಸಿಗುತ್ತದೆಯೇ ವಿಚಾರಿಸಿ. ಕೊಳ್ಳುವುದೇ ಆದರೆ ದುಬಾರಿ ಪಿಟೀಲಿಗೆ ಹಣ ಸುರಿಯುವುದಕ್ಕಿಂತ ಸಾಧಾರಣ ಪಿಟೀಲು ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ತಂತಿ ಹಾಕಿಸಿ, ಬಲ್ಲವರಿಂದ ಕುದುರೆ ಕೆತ್ತಿಸುವುದು ಮೇಲು. ಸೆಲ್ಲೊ, ಡಬಲ್ ಬಾಸ್ ಮಾತ್ರ ಗುಂಪಿನ ಆಸ್ತಿಯಾಗಿರಲಿ. ಅವುಗಳ ಬೆಲೆ ಒಬ್ಬರಿಗೆ ಹೊರೆ. ಸೆಲ್ಲೊ ಪೆಟ್ಟಿಗೆ ಆಳೆತ್ತರಕ್ಕೆ ಹತ್ತಿರವಿರುವುದರಿಂದ ಮೆಟ್ರೊದಲ್ಲಾಗಲಿ ಬಸ್ಸಿನಲ್ಲಾಗಲಿ ವಾರವಾರ ಹೊತ್ತು ತರುವುದೂ ಕಷ್ಟ. ಅಭ್ಯಾಸದ ಜಾಗದಲ್ಲೇ ಬೀಗ ಹಾಕುವ ಕಪಾಟು ಬೇಕು.

ಸ-ಪ-ಸ-ಪ ಕಲಿತವರಿಗೆ

ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಿಂದ ಹಿಡಿದು ನಮ್ಮ ಮೈಸೂರು ಟಿ. ಚೌಡಯ್ಯನವರವರೆಗೆ ದಕ್ಷಿಣದವರು ಪಿಟೀಲನ್ನು ಎಷ್ಟು ತಮ್ಮದಾಗಿಸಿಕೊಂಡರೆಂದರೆ, ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನೇ ಮಾಡಿಕೊಂಡರು. ಹೀಗೆ ಕರ್ನಾಟಕ ಪದ್ಧತಿ ಕಲಿತವರೇ ನಮ್ಮಲ್ಲಿ ಹೆಚ್ಚು. ಅವರು ಸ್ಟ್ರಿಂಗ್ ಆರ್ಕೆಸ್ಟ್ರಾಕ್ಕೆ ಬಂದಾಗ ಮೂರು ಬದಲಾವಣೆ ಎದುರಾಗುತ್ತವೆ.

ಒಂದು, ಶ್ರುತಿ. ನಮ್ಮಲ್ಲಿ ತಂತಿಗಳು ಸ-ಪ-ಸ-ಪ. ಮೊದಲೆರಡರ ನಡುವೆ ಪಂಚಮದ ಅಂತರ, ನಡುವಿನ ಜೋಡಿಯಲ್ಲಿ ಮಧ್ಯಮದ ಅಂತರ, ಮತ್ತೆ ಪಂಚಮ. ಪಾಶ್ಚಾತ್ಯ ಪದ್ಧತಿಯ ಜಿ-ಡಿ-ಎ-ಇಯಲ್ಲಿ ಎಲ್ಲ ಪಕ್ಕದ ತಂತಿಗಳ ನಡುವೆಯೂ ಪಂಚಮವೇ. ಕರ್ನಾಟಕ ಸಂಗೀತಕ್ಕೆ ಇಳಿಸಿ ಕಟ್ಟಿದ ತಂತಿಯನ್ನು ವಾರಕ್ಕೊಮ್ಮೆ ಏರಿಸಿ ಮತ್ತೆ ಇಳಿಸುತ್ತಿದ್ದರೆ ತಂತಿಯೂ ಹಾಳು, ಬಿರಡೆಯೂ ಹಾಳು. ಸಾಧ್ಯವಾದರೆ ಎರಡನೇ ವಾದ್ಯವೊಂದನ್ನು ವೃಂದಕ್ಕೆಂದೇ ಇಟ್ಟುಕೊಳ್ಳಿ.

ಎರಡು, ಕೂರುವ ಬಗೆ. ಚಕ್ಕಳಮಕ್ಕಳ ಕೂತು ಪಿಟೀಲಿನ ತಲೆಯನ್ನು ಪಾದದ ಮೇಲೂರಿದರೆ ಎಡಗೈ ತಂತಿಯ ಉದ್ದಕ್ಕೂ ಜಾರಾಡಲು ಸ್ವತಂತ್ರ. ಕುರ್ಚಿಯಲ್ಲಿ ಕೂತು ಗಲ್ಲದಡಿ ಹಿಡಿದಾಗ ಆ ಆಧಾರವಿರುವುದಿಲ್ಲ. ಇದು ಕೈಗೆ ಹತ್ತಲು ಕೆಲವು ತಿಂಗಳೇ ಬೇಕು, ಅವಸರ ಬೇಡ.

ಮೂರನೆಯದೇ ಕಷ್ಟದ್ದು: ಗಮಕ ಬಿಡುವುದು. ಹತ್ತು ಮಂದಿ ಒಂದೇ ಸ್ವರ ಹಿಡಿದಾಗ ಒಬ್ಬರು ಅದನ್ನು ಆಂದೋಲಿಸಿದರೆ ಇಡೀ ಸಾಲು ಅಪಶ್ರುತಿಯಾಗಿ ಕೇಳುತ್ತದೆ. ರಾಗದ ಜೀವ ಗಮಕದಲ್ಲಿದೆ ಎಂದು ಕಲಿತವರಿಗೆ ಚಪ್ಪಟೆಯಾದ ಸ್ವರ ಹಿಡಿಯುವುದು ನೋವಿನ ವಿಷಯ. ಆದರೆ ಸ್ವರವನ್ನು ಅಲುಗದಂತೆ, ಉದ್ದಕ್ಕೆ, ಒಂದೇ ಒತ್ತಡದಲ್ಲಿ ಹಿಡಿಯುವ ಈ ಶಿಸ್ತು ಮನೆಗೆ ಹೋಗಿ ವರ್ಣ ನುಡಿಸುವಾಗಲೂ ಉಪಕಾರ ಮಾಡುತ್ತದೆ.

ಈ ಎರಡು ಲೋಕಗಳ ನಡುವೆ ಸೇತುವೆ ಬೇಕಾದವರಿಗೆ ನೊಟ್ಟುಸ್ವರಗಳಿವೆ. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡಿನ ಧಾಟಿಗಳನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲಿದೆ. ಇವು ಶಂಕರಾಭರಣದಲ್ಲಿವೆ, ಗಮಕವಿಲ್ಲ, ಮೇಜರ್ ಸ್ಕೇಲಿಗೆ ನೇರ ಕೂರುತ್ತವೆ. ಸಂಗೀತದ ಪಾಠಕ್ಕೆ ಹೋದ ಎಷ್ಟೋ ಮಂದಿಗೆ ಒಂದೆರಡಾದರೂ ನೆನಪಿರುತ್ತವೆ. ಹೊಸ ವೃಂದ ಇಲ್ಲಿಂದಲೇ ಶುರುಮಾಡಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಮಾಡುವುದು ಹೀಗೆ. ‘ಡಿ’ ತಂತಿಯನ್ನು ಷಡ್ಜವಾಗಿಟ್ಟುಕೊಳ್ಳಿ. ಸ ಎಂದರೆ ತೆರೆದ ತಂತಿ, ರಿ-ಗ-ಮ ಮೂರು ಬೆರಳು. ಪ ಎಂದರೆ ಮುಂದಿನ ‘ಎ’ ತಂತಿ ತೆರೆದು, ದ-ನಿ-ಸ ಮತ್ತೆ ಅದೇ ಮೂರು ಬೆರಳು, ಅದೇ ಜಾಗದಲ್ಲಿ. ಎರಡೂ ತಂತಿಯಲ್ಲಿ ಎರಡನೆಯ ಮತ್ತು ಮೂರನೆಯ ಬೆರಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಏಕೆಂದರೆ ಗ-ಮ ನಡುವೆಯೂ ನಿ-ಸ ನಡುವೆಯೂ ಅರ್ಧಸ್ವರದ ಅಂತರವೇ. ಇಷ್ಟರಲ್ಲೇ ಇಡೀ ಶಂಕರಾಭರಣ ಕೈಗೆ ಬಂತು. ಈಗ ಒಂದೇ ನೊಟ್ಟುಸ್ವರಕ್ಕೆ ಮೂರು ಪಾಲು ಬರೆಯಿರಿ. ಮೊನ್ನೆ ಮೊನ್ನೆ ಪಿಟೀಲು ಹಿಡಿದವರಿಗೆ ಸ ಮತ್ತು ಪ ಮಾತ್ರ, ತೆರೆದ ತಂತಿಯ ಮೇಲೆ ಉದ್ದನೆಯ ಕಮಾನು. ಒಂದು ವರ್ಷ ಕಲಿತವರಿಗೆ ಆವರ್ತಕ್ಕೆ ಎರಡು ಮೂರು ಸ್ವರಗಳ ಜೊತೆಗಾರಿಕೆ. ಬಲ್ಲವರಿಗೆ ಧಾಟಿ. ಸೆಲ್ಲೊ ಇದ್ದರೆ ಕೆಳಗಿನ ಸ್ಥಾಯಿಯಲ್ಲಿ ಸ-ಪ ಹಿಡಿದು ತಂಬೂರಿಯ ಕೆಲಸ ಮಾಡಲಿ. ತೆರೆದ ತಂತಿಯವರಿಗೂ ಇದು ಬೇಸರ ತರುವುದಿಲ್ಲ, ತಮ್ಮ ಪಂಚಮದ ಮೇಲೆ ಧಾಟಿ ನಿಂತಿರುವುದು ಅವರಿಗೆ ಮೈಯಲ್ಲೇ ತಿಳಿಯುತ್ತದೆ.

ಆಮೇಲೆ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟ್’ ಎತ್ತಿಕೊಳ್ಳಬಹುದು. ಮೈಸೂರು ಆಸ್ಥಾನದಲ್ಲಿದ್ದು ಚಾಮುಂಡಾಂಬೆಯ ಮೇಲೆ ಅಷ್ಟೋತ್ತರ ಕೃತಿಗಳನ್ನು ರಚಿಸಿದವರು ಅವರು. ಪಾಶ್ಚಾತ್ಯ ಕೃತಿಗಳಲ್ಲಿ ಪ್ಯಾಕೆಲ್‌ಬೆಲ್‌ನ ಕ್ಯಾನನ್ ಹೊಸಬರಿಗೆ ಒಳ್ಳೆಯದು. ಸೆಲ್ಲೊದವರು ಎಂಟೇ ಸ್ವರಗಳನ್ನು ಮೊದಲಿನಿಂದ ಕೊನೆಯವರೆಗೆ ಸುತ್ತುತ್ತಿರುತ್ತಾರೆ, ಮೇಲೆ ಪಿಟೀಲುಗಳು ಒಂದರ ಹಿಂದೊಂದು ಅದೇ ಧಾಟಿ ಹಿಡಿದು ಬರುತ್ತವೆ. ಎರಡು ಮೂರು ವರ್ಷ ಕಳೆದ ಮೇಲೆ ಗುಸ್ಟಾವ್ ಹೋಲ್ಸ್ಟ್ ತಾನು ಪಾಠ ಹೇಳುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ವೃಂದಕ್ಕಾಗಿ ಬರೆದ ‘ಸೇಂಟ್ ಪಾಲ್ಸ್ ಸ್ವೀಟ್’ ಗುರಿಯಾಗಿರಲಿ. ಹಳೆಯ ಸಂಯೋಜಕರ ಸ್ವರಲಿಪಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಮ್ಮ ದೇಶದಲ್ಲಿ ಕೃತಿಕಾರರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ಸಿನಿಮಾ ಹಾಡು ನುಡಿಸಬೇಕೆಂಬ ಒತ್ತಾಯ ಖಂಡಿತ ಬರುತ್ತದೆ. ಮನೆಯೊಳಗೆ ಅಡ್ಡಿಯಿಲ್ಲ, ಸಾರ್ವಜನಿಕ ವೇದಿಕೆಗೆ ಒಯ್ಯುವ ಮುನ್ನ ಪರವಾನಗಿ ಕೇಳಿಕೊಳ್ಳಿ.

ಭಾನುವಾರದ ಎರಡು ಗಂಟೆ

ಎಷ್ಟು ಜನ ಬೇಕು? ಮೊದಲ ಪಿಟೀಲು ನಾಲ್ಕು, ಎರಡನೇ ಪಿಟೀಲು ನಾಲ್ಕು, ವಿಯೋಲಾ ಎರಡು, ಸೆಲ್ಲೊ ಎರಡು, ಡಬಲ್ ಬಾಸ್ ಒಂದು, ಒಟ್ಟು 13 ಜನರಿದ್ದರೆ ತುಂಬುನಾದ. ಶುರುವಿಗೆ ಏಳೆಂಟು ಪಿಟೀಲು, ಒಂದು ಸೆಲ್ಲೊ ಸಾಕು. ವಿಯೋಲಾ ಎಲ್ಲ ಊರಿನಲ್ಲೂ ಕೊರತೆಯೇ. ಪಿಟೀಲು ಬಲ್ಲವರೊಬ್ಬರು ಅದಕ್ಕೆ ಬದಲಾಗಬೇಕು. ಬೆರಳ ವಿನ್ಯಾಸ ಅದೇ, ಧ್ವನಿ ಒಂದು ಪಂಚಮ ಕೆಳಗೆ, ಓದುವ ಕ್ಲೆಫ್ ಮಾತ್ರ ಬೇರೆ. ಉದ್ದ ಕೈಯವರಿಗೆ ಅದು ಹೆಚ್ಚು ಹೊಂದುತ್ತದೆ.

ಸಮಯ ಗೊತ್ತುಮಾಡುವಾಗ ಪಾಳಿಗಳನ್ನು ನೋಡಿ. ಶನಿವಾರ ರಾತ್ರಿಪಾಳಿ ಮುಗಿಸಿದವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದರೆ ಕಣ್ಣು ಮುಚ್ಚಿಕೊಂಡೇ ನುಡಿಸುತ್ತಾರೆ. ಸಂಜೆ ಆರಕ್ಕಿಟ್ಟರೆ ಹೆಣ್ಣುಮಕ್ಕಳು ಕತ್ತಲಲ್ಲಿ ಮನೆಗೆ ಮರಳಬೇಕು, ಕೈಗಾರಿಕಾ ಪ್ರದೇಶದ ಒಳರಸ್ತೆಗಳು ಭಾನುವಾರ ನಿರ್ಜನ. ಮಧ್ಯಾಹ್ನ ಮೂರೂವರೆಯಿಂದ ಐದೂವರೆ ಎಲ್ಲರಿಗೂ ಒಗ್ಗುತ್ತದೆ. ಜಾಗ ಮೆಟ್ರೊ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರವಿರಲಿ. ಕಾರ್ಖಾನೆಯ ಖಾಲಿ ಷೆಡ್ಡನ್ನು ಕೊಡುತ್ತೇವೆಂದು ಯಾರಾದರೂ ಮುಂದೆ ಬರಬಹುದು. ತಗಡಿನ ಮಾಡು, ಸಿಮೆಂಟು ನೆಲದ ನಡುವೆ ಸ್ವರಗಳು ಮಾರ್ದನಿಸಿ ಕಲಸಿಹೋಗುತ್ತವೆ, ಯಾರ ತಪ್ಪೂ ಗೊತ್ತಾಗುವುದಿಲ್ಲ. ಶಾಲೆಯ ತರಗತಿ ಕೋಣೆ, ಸಂಘದ ಸಭಾಕೊಠಡಿ ಇದಕ್ಕಿಂತ ಎಷ್ಟೋ ಪಾಲು ಮೇಲು. ಕೈ ಇಲ್ಲದ ಕುರ್ಚಿಗಳೇ ಬೇಕು, ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಮಾನು ಬಡಿಯುತ್ತದೆ.

ಮೊದಲ ಹತ್ತು ನಿಮಿಷ ಶ್ರುತಿ. ಆಗ ಯಾರೂ ಮಾತಾಡಬಾರದು, ಮೊದಲು ಕೆಳಗಿನ ವಾದ್ಯಗಳು, ಆಮೇಲೆ ಪಿಟೀಲು. ಮುಂದಿನ ಹತ್ತು ನಿಮಿಷ ಎಲ್ಲರೂ ಕೂಡಿ ಒಂದು ಸ್ಕೇಲು, ಬಹಳ ನಿಧಾನವಾಗಿ, ಒಂದು ಸ್ವರಕ್ಕೆ ಒಂದು ಪೂರ್ಣ ಕಮಾನು. ಅರ್ಧ ಗಂಟೆ ವಿಭಾಗವಾರು ಅಭ್ಯಾಸ, ಬೇರೆ ಕೋಣೆಯಿದ್ದರೆ ಅಲ್ಲಿ. ಆಮೇಲೆ ಚಹಾ. ಸಮಯ ಉಳಿಸಲೆಂದು ಚಹಾವನ್ನು ಬಿಡಬೇಡಿ. ಸೂಪರ್‌ವೈಸರೂ ಆಪರೇಟರೂ ಕುಲಶೀಲ ಮರೆತು ಮಾತಿಗೆ ಸಿಗುವುದು ಆ ಹದಿನೈದು ನಿಮಿಷದಲ್ಲಿ. ಉಳಿದ ಹೊತ್ತು ಇಡೀ ವೃಂದ. ನಿಲ್ಲದೆ ಕೊನೆಯವರೆಗೆ ಒಮ್ಮೆಯಾದರೂ ನುಡಿಸಿಯೇ ಮನೆಗೆ ಹೋಗಬೇಕು.

ಪ್ರತಿ ಸ್ಟ್ಯಾಂಡಿಗೆ ಇಬ್ಬರು. ಹೊಸಬರನ್ನು ಹೊಸಬರ ಜೊತೆ ಕೂರಿಸುವುದು ನಾನು ಕಂಡಂತೆ ದೊಡ್ಡ ತಪ್ಪು. ಬಲ್ಲವರೊಬ್ಬರು, ಕಲಿಯುವವರೊಬ್ಬರು ಜೋಡಿಯಾಗಬೇಕು, ಎರಡು ತಿಂಗಳಿಗೊಮ್ಮೆ ಜೋಡಿ ಬದಲಾಗಬೇಕು. ಬಲ್ಲವರು ಹೊರಗಿನ ಕುರ್ಚಿಯಲ್ಲಿ, ಹಾಳೆ ಮಗುಚುವ ಕೆಲಸ ಒಳಗಿನವರದು. ಪೆನ್ಸಿಲು, ರಬ್ಬರು ಎಲ್ಲರ ಬಳಿಯೂ ಇರಲಿ. ಕಮಾನು ಕೆಳಕ್ಕೋ ಮೇಲಕ್ಕೋ ಎಂಬುದನ್ನು ಮುಖ್ಯ ವಾದಕರು ತೀರ್ಮಾನಿಸಿದಂತೆ ಎಲ್ಲರೂ ಗುರುತು ಹಾಕಿಕೊಳ್ಳಬೇಕು. ಸ್ಟಾಫ್ ನೊಟೇಷನ್ ಬಾರದವರು ಮೊದಲ ಕೆಲವು ವಾರ ಚುಕ್ಕೆಗಳ ಕೆಳಗೆ ಸ-ರಿ-ಗ ಬರೆದುಕೊಳ್ಳಲಿ, ಅದನ್ನು ಕೀಳಾಗಿ ಕಾಣುವವರನ್ನು ಮೇಷ್ಟ್ರೇ ಸುಮ್ಮನಿರಿಸಲಿ. ತಾಳ ಹಾಕಿ ಕಲಿತವರಿಗೆ ಮೌನದ ಅಳತೆಗಳನ್ನು ಎಣಿಸುವುದು ಸಲೀಸು.

ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಪಿ.ಜಿ., ವಠಾರಗಳ ಸಂಕಟ ಇದ್ದೇ ಇದೆ. ಕುದುರೆಗೆ ಸಿಕ್ಕಿಸುವ ಭಾರದ ಪ್ರಾಕ್ಟೀಸ್ ಮ್ಯೂಟ್ ಕೊಂಡರೆ ಸದ್ದು ಬಹಳಷ್ಟು ತಗ್ಗುತ್ತದೆ. ರಾತ್ರಿ ಹತ್ತರ ಮೇಲೆ ಅದೂ ಬೇಡ. ಮೊದಲೇ ಅಕ್ಕಪಕ್ಕದವರಿಗೆ ಹೇಳಿ, ದಿನಾ ಒಂದೇ ಹೊತ್ತಿಗೆ ನುಡಿಸಿದರೆ ಜಗಳವಾಗುವುದಿಲ್ಲ.

ವೇದಿಕೆ, ದುಡ್ಡು, ಮುಂದಿನ ಭಾನುವಾರ

ಮೊದಲ ಕಛೇರಿಗೆ ಪೀಣ್ಯದಲ್ಲಿ ನವೆಂಬರ್ ಸಹಜ ತಿಂಗಳು. ಕಾರ್ಖಾನೆಗಳಲ್ಲೂ ಬಡಾವಣೆಗಳಲ್ಲೂ ತಿಂಗಳಿಡೀ ರಾಜ್ಯೋತ್ಸವ ನಡೆಯುತ್ತದೆ, ವೇದಿಕೆ ತಾನಾಗಿ ಸಿಗುತ್ತದೆ. ಆದರೆ ಬೀದಿಯ ಶಾಮಿಯಾನದಲ್ಲಿ, ಡಿಜೆ ಪೆಟ್ಟಿಗೆಗಳ ಪಕ್ಕದಲ್ಲಿ ಒಪ್ಪಿಕೊಳ್ಳಬೇಡಿ. ಒಳಾಂಗಣ, ಇಪ್ಪತ್ತು ನಿಮಿಷ, ಮೂರು ಕೃತಿ. ನಾಡಗೀತೆ ನುಡಿಸುವುದಾದರೆ 2022ರ ಸರ್ಕಾರಿ ಆದೇಶದಂತೆ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡಿನ ಮಿತಿ. ಹಾಡುವವರ ಜೊತೆ ಒಮ್ಮೆಯಾದರೂ ಮುಂಚಿತವಾಗಿ ಅಭ್ಯಾಸ ಮಾಡಿ. ಮೈಕ್ ಅನಿವಾರ್ಯವಾದರೆ ಒಬ್ಬೊಬ್ಬರ ಮುಂದೆ ಒಂದೊಂದು ಇಡಬೇಡಿ, ಇಡೀ ವೃಂದಕ್ಕೆ ಮುಂದೆ ಎತ್ತರದಲ್ಲಿ ಎರಡು ಸಾಕು. ಒಬ್ಬರ ತಪ್ಪು ಇಡೀ ಸಭಾಂಗಣಕ್ಕೆ ಕೇಳಿದರೆ ಆ ವ್ಯಕ್ತಿ ಮುಂದಿನ ವಾರ ಬರುವುದಿಲ್ಲ.

ಖರ್ಚು ಮುಖ್ಯವಾಗಿ ಮೇಷ್ಟ್ರ ಸಂಭಾವನೆ, ಜಾಗದ ಬಾಡಿಗೆ, ಚಹಾ. ಮೇಷ್ಟ್ರಿಗೆ ತಪ್ಪದೆ ಹಣ ಕೊಡಿ. ಸೇವೆ ಎಂದು ಕರೆದು ಪುಕ್ಕಟೆ ದುಡಿಸಿಕೊಂಡ ಗುಂಪು ಬಾಳುವುದಿಲ್ಲ. ಚಂದಾ ಎಲ್ಲರಿಗೂ ಒಂದೇ ಇಡುವ ಬದಲು ಸಂಬಳಕ್ಕೆ ತಕ್ಕಂತೆ ಎರಡು ಮೂರು ಹಂತ ಮಾಡಿ, ಯಾರು ಎಷ್ಟು ಕೊಟ್ಟರೆಂದು ಖಜಾಂಚಿಗೆ ಮಾತ್ರ ಗೊತ್ತಿರಲಿ. ಸೆಲ್ಲೊ ಕೊಳ್ಳಲು ಕಂಪನಿಗಳಿಂದ ದೇಣಿಗೆ ಕೇಳುವ ಹಂತ ಬಂದಾಗ ಸ್ವಂತ ಬ್ಯಾಂಕ್ ಖಾತೆ ಬೇಕಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಜನ ಸೇರಿ ಸಂಘ ನೋಂದಾಯಿಸಬಹುದು.

ಒಂದು ಎಚ್ಚರಿಕೆ. ಹವ್ಯಾಸಿ ವೃಂದಗಳು ಒಡೆಯುವುದು ಕಛೇರಿ ಕೆಟ್ಟಾಗಲ್ಲ, ಚೆನ್ನಾಗಿ ಆದ ಮೇಲೆ. ತಿಂಗಳುಗಟ್ಟಲೆ ದುಡಿದವರು ‘ಸ್ವಲ್ಪ ದಿನ ಬಿಡುವು’ ಎನ್ನುತ್ತಾರೆ, ಬಿಡುವು ಬೇಸಿಗೆಯವರೆಗೆ ಎಳೆಯುತ್ತದೆ, ಅಷ್ಟರಲ್ಲಿ ಕೋಣೆಯನ್ನು ಬೇರೆಯವರು ಹಿಡಿದಿರುತ್ತಾರೆ. ಕಛೇರಿಗೆ ಹೋಗುವ ಮುಂಚೆಯೇ ಮುಂದಿನ ಅಭ್ಯಾಸದ ದಿನಾಂಕ ಗೊತ್ತಾಗಿರಲಿ, ಹೊಸ ಕೃತಿಯ ಹಾಳೆಗಳು ಪ್ರತಿಯಾಗಿ ಚೀಲದಲ್ಲಿರಲಿ. ಕಛೇರಿ ಕೇಳಲು ಬಂದವರಲ್ಲಿ ಯಾರಾದರೂ ಕೊನೆಯಲ್ಲಿ ಹತ್ತಿರ ಬಂದು ‘ನನಗೂ ಹಿಂದೆ ಸ್ವಲ್ಪ ಬರುತ್ತಿತ್ತು’ ಎಂದರೆ ಅಲ್ಲೇ ಅವರ ಫೋನ್ ನಂಬರು ಬರೆದುಕೊಂಡು, ತೆರೆದ ತಂತಿಯ ಪಾಲಿನ ಒಂದು ಹಾಳೆಯನ್ನು ಅವರ ಕೈಗೆ ಕೊಟ್ಟು ಕಳಿಸಿ.